ಬಸುರಿಯ ಕೆಂಪು, ಜಗಲಿಯ ಕಲ್ಲು

ನಮ್ಮ ಬೀದಿಯಲ್ಲಿ ಬಸುರಿಯಾದ ಸುದ್ದಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ಆ ಕೆಲಸವನ್ನು ಜಗಲಿಯ ಕಲ್ಲುಗಳೇ ಮಾಡುತ್ತವೆ.

ತಮಿಳುನಾಡಿನ ಪೆನ್ನಾಗರಂನಿಂದ ಹೊಗೆನಕಲ್ ಕಡೆಗೆ ಹೋಗುವಾಗ, ಕಾಡು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಎಡಕ್ಕೆ ತಿರುಗಿದರೆ ನನ್ನ ಗಂಡನ ಊರು. ಬೀದಿ ತುಂಬ ಕನ್ನಡ ಆಡುವ ಬೇಸಾಯದ ಮನೆಗಳು. ಪ್ರತಿ ಮನೆಯ ಮುಂದೂ ಒಂದು ಜಗಲಿ, ಜಗಲಿಯ ಕೊನೆಯಲ್ಲಿ, ಬಾಗಿಲಿಗೆ ದೂರವಾಗಿ, ಒಂದು ಚಪ್ಪಡಿ ಕಲ್ಲು. ಮುಟ್ಟಾದ ಹೆಂಗಸು ಹಗಲೆಲ್ಲ ಅಲ್ಲೇ ಕೂರಬೇಕು, ಅಲ್ಲೇ ಉಣ್ಣಬೇಕು, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಹೀಗಾಗಿ ಯಾವ ಮನೆಯ ಸೊಸೆ ಯಾವಾಗ ಹೊರಗಾದಳು ಎಂಬುದು ಇಡೀ ಬೀದಿಗೆ ಗೊತ್ತು. ಒಂದು ಮನೆಯ ಕಲ್ಲು ಸಾಲಾಗಿ ಎರಡು ತಿಂಗಳು ಖಾಲಿ ಇದ್ದರೆ ಸಾಕು, ಎದುರು ಮನೆಯಿಂದ ಒಂದು ಹಿಡಿ ಹುಣಸೆಕಾಯಿ ತಾನಾಗಿ ಬರುತ್ತದೆ. ಕೊಟ್ಟವರು ಏನೂ ಕೇಳುವುದಿಲ್ಲ, ಸುಮ್ಮನೆ ಹಲ್ಲು ಬಿಡುತ್ತಾರೆ.

ಮದುವೆಯಾದ ಹೊಸದರಲ್ಲಿ ಈ ಕಲ್ಲಿನ ವಿಷಯಕ್ಕೆ ನನಗೂ ಅತ್ತೆಗೂ ಚೆನ್ನಾಗಿಯೇ ಜಗಳವಾಗಿತ್ತು. ನಾನು ಹುಟ್ಟಿ ಬೆಳೆದದ್ದು ಮೆಟ್ಟೂರಿನ ಹತ್ತಿರ. ಅಪ್ಪ ಬಾಡಿಗೆಗೆ ಹಿಡಿದಿದ್ದ ಮನೆಗೆ ಜಗಲಿಯೇ ಇರಲಿಲ್ಲ. ಬಾಗಿಲು ತೆರೆದರೆ ಬಸ್ಸು ಓಡಾಡುವ ರಸ್ತೆ. ಹೊರಗೆ ಕೂರಬೇಕೆಂದರೆ ಬಸ್ಸಿನ ಕೆಳಗೇ ಕೂರಬೇಕಿತ್ತು. ಹಾಗಾಗಿ ಅವ್ವ ಆ ಪದ್ಧತಿಯನ್ನು ಯಾವತ್ತೋ ಬಿಟ್ಟುಬಿಟ್ಟಿದ್ದಳು. ನಾನೋ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಪೆನ್ನಾಗರಂನ ಶಾಲೆಯಲ್ಲಿ ಮಕ್ಕಳಿಗೆ ತಮಿಳಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. "ಇದೆಲ್ಲ ನನ್ನ ಕೈಲಿ ಆಗಲ್ಲ" ಎಂದು ಅಂಗಳದಲ್ಲಿ ನಿಂತು ಕೂಗಿದ್ದೆ. ಅತ್ತೆ ನನಗಿಂತ ಮೇಲಿನ ದನಿಯಲ್ಲಿ, "ಇಸ್ಕೂಲ್ನಾಗೆ ನಿನ್ ಮಾತು, ನನ್ ಅಡಿಗೆ ಮನೇಲಿ ನನ್ ಮಾತು" ಎಂದಿದ್ದರು. ಉಪ್ಪಿನಕಾಯಿ ಜಾಡಿಯ ಕಡೆ ನಾನು ಕಣ್ಣು ಹಾಯಿಸಿದರೂ ಅದು ಬೂಸು ಹಿಡಿಯುತ್ತದೆ ಎಂಬುದು ಅವರ ನಂಬಿಕೆ.

ಕೊನೆಗೆ ನಾನೇ ಸೋತೆ. ಸೋತ ಮೇಲೆ ಗೊತ್ತಾಯಿತು, ಸೋಲಿನಲ್ಲೂ ಒಂದಿಷ್ಟು ಲಾಭವಿದೆ ಎಂದು. ಶಾಲೆಯಿಂದ ಬಂದು ಕಲ್ಲಿನ ಮೇಲೆ ಕೂತರೆ ಪಾತ್ರೆ ಉಜ್ಜುವ ಹಾಗಿಲ್ಲ, ನೀರು ಹೊರುವ ಹಾಗಿಲ್ಲ. ಅತ್ತೆಯೇ ತಟ್ಟೆಗೆ ಹಾಕಿ ತಂದು ದೂರದಿಂದ ನೂಕುತ್ತಿದ್ದರು. ನಾನು ಕಾಲು ಚಾಚಿಕೊಂಡು ಫೋನು ನೋಡುತ್ತ ಉಣ್ಣುತ್ತಿದ್ದೆ. ಅದಕ್ಕೆ ನಾನಿಟ್ಟ ಹೆಸರು ಕ್ಯಾಶುವಲ್ ಲೀವು.

ಅತ್ತೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಹೊಲ ಮಳೆಯನ್ನು ನೆಚ್ಚಿಕೊಂಡದ್ದು. ಅಲ್ಲಿ ಕೆಲಸವಿಲ್ಲದಾಗ ಅತ್ತೆ ಹೊಗೆನಕಲ್ಲಿಗೆ ಹೋಗಿ ಮೀನು ಹುರಿಯುತ್ತಾರೆ. ಜಲಪಾತ ನೋಡಲು ಬಂದವರು ನದಿ ಮೀನು ಕೊಂಡು ತಂದು ಕೊಟ್ಟರೆ ಖಾರ ಸವರಿ, ಅಗಲವಾದ ಕಾವಲಿಯ ಮೇಲೆ ಅವರ ಕಣ್ಣೆದುರೇ ಹುರಿದುಕೊಡುವುದು. ಮೀನು ಬೇಯುವ ತನಕ ಬಂದವರು ಮಾತಿಗೆಳೆಯುತ್ತಾರೆ. "ಅಕ್ಕಾ, ಉಂಗಳುಕ್ಕು ಎತ್ತನೆ ಪುಳ್ಳೈಂಗ?" ಎಂದು ಮಕ್ಕಳೆಷ್ಟು ಕೇಳುತ್ತಾರೆ. ಅತ್ತೆ ಕಾವಲಿಯಿಂದ ಕಣ್ಣೆತ್ತದೆ, "ಒರೇ ಪಯ್ಯನ್" ಎನ್ನುತ್ತಾರೆ. ಒಬ್ಬನೇ ಮಗ. ಆ ಒಬ್ಬನೇ ಮಗ ನನ್ನ ಗಂಡ. ಪ್ರವಾಸಿಗಳನ್ನು ವ್ಯಾನಿನಲ್ಲಿ ಹೊಗೆನಕಲ್ಲಿಗೆ ಕರೆತಂದು, ಅವರು ಪರಿಸಲಿನಲ್ಲಿ, ಅಂದರೆ ಹರಿಗೋಲಿನಲ್ಲಿ, ಕೂತು ನದಿ ಸುತ್ತಿ ಬರುವ ತನಕ ಅಮ್ಮನ ಕಾವಲಿಯ ಪಕ್ಕ ನಿಂತು ಪುಕ್ಕಟೆ ಮೀನು ತಿನ್ನುವುದು ಅವನ ಉದ್ಯೋಗ. ಅವನಿಗೆ ಒಂದು ವಿಚಿತ್ರ ಗುಣವಿದೆ. ಹೆದರಿಕೆಯಾದರೆ ಬೇರೆಯವರಿಗೆ ಹಸಿವು ಸತ್ತುಹೋಗುತ್ತದೆ, ಇವನಿಗೆ ಹಸಿವಾಗುತ್ತದೆ.

ಮದುವೆಯಾಗಿ ವರ್ಷ ದಾಟಿದ ಮೇಲೆ ಒಂದು ತಿಂಗಳು ನಾನು ಕಲ್ಲಿನ ಮೇಲೆ ಕೂರಲಿಲ್ಲ. ಪರೀಕ್ಷೆ ಮಾಡುವ ಕಿಟ್ಟನ್ನು ಪೆನ್ನಾಗರಂನ ಔಷಧಿ ಅಂಗಡಿಯಲ್ಲಿ ಕೊಂಡರೆ ನಾವು ಮನೆ ಸೇರುವಷ್ಟರಲ್ಲಿ ಸುದ್ದಿಯೂ ಸೇರಿರುತ್ತದೆ ಎಂದು ನನ್ನ ಗಂಡ ಧರ್ಮಪುರಿಗೆ ಹೋಗಿ ತಂದ. ಎರಡು ಗೆರೆ ಬಂತು. ನನಗೆ ಅಷ್ಟು ಖುಷಿಯಾಗುತ್ತದೆಂದು ನಾನೇ ಎಣಿಸಿರಲಿಲ್ಲ. ಹಿತ್ತಲಲ್ಲಿ ನಿಂತು ಒಬ್ಬಳೇ ನಕ್ಕೆ. ಗಂಡ ಒಳಗೆ ಹೋಗಿ ಹಿಂದಿನ ರಾತ್ರಿಯ ಮುದ್ದೆ ಹುಡುಕಿದ. ಅತ್ತೆ ಸುದ್ದಿ ಕೇಳಿ, ನನ್ನ ಗಲ್ಲ ಹಿಡಿದು, ತಕ್ಷಣ ಬಾಗಿಲು ಮುಂದೆ ಮಾಡಿದರು.

"ಮೂರ್ ತಿಂಗ್ಳು ಮುಗ್ಯೋಗಂಟ ಯಾರ್ಗೂ ಏಳ್ಬ್ಯಾಡಿ. ನಿಮ್ಮವ್ವಂಗೂ ಈಗ್ಲೇ ಬ್ಯಾಡ. ಕಣ್ಣು ಬೀಳ್ತೈತೆ."

"ಅತ್ತೆ, ನಂ ಕಲ್ಲು ಖಾಲಿ ಇರೋದು ಬೀದಿಗೆಲ್ಲ ಕಾಣ್ತೈತಲ್ಲ?"

"ಕಾಣ್ಲಿ. ಬಾಯ್ಬಿಟ್ಟು ಏಳಿದ್ರೆ ತಾನೇ ಏಳ್ದಂಗೆ?"

ಎರಡನೇ ತಿಂಗಳು ಕಲ್ಲು ಖಾಲಿ ಉಳಿದು ಸ್ವಲ್ಪ ದಿನಕ್ಕೆ ಎದುರು ಮನೆಯ ದೊಡ್ಡಮ್ಮ ಒಂದು ಹಿಡಿ ಹುಣಸೆಕಾಯಿ ತಂದು ಕೈಗಿಟ್ಟು ಹಲ್ಲು ಬಿಟ್ಟರು. ಆ ದೊಡ್ಡಮ್ಮನಿಗೆ ನಮ್ಮ ಜಗಲಿಯೇ ಟೀವಿ. ಅತ್ತೆ ಹಲ್ಲು ಕಡಿದುಕೊಂಡು, "ಉಣ್ಸೆಕಾಯಿ ಯಾಕಕ್ಕಾ, ನಮ್ಮನ್ಯಾಗೂ ಮರ ಐತೆ" ಎಂದರು. ನಾನು ಒಳಗೆ ಹೋಗಿ ಉಪ್ಪು ಹಚ್ಚಿಕೊಂಡು ಅಷ್ಟನ್ನೂ ತಿಂದೆ.

ಅದಾದ ಮೊದಲ ಭಾನುವಾರ ಬೆಳಗ್ಗೆ ರಕ್ತ ಕಂಡಿತು.

ತುಂಬ ಇರಲಿಲ್ಲ. ಬಟ್ಟೆಯ ಮೇಲೆ ಸ್ವಲ್ಪ ಕೆಂಪು, ಅಷ್ಟೆ. ಆದರೆ ನನ್ನ ಜೀವ ಬಾಯಿಗೆ ಬಂತು. ಆಮೇಲೆ ನಾನು ಮಾಡಿದ ಕೆಲಸವನ್ನು ನೆನೆದರೆ ಈಗ ನಗು ಬರುತ್ತದೆ, ಆವತ್ತು ಬರಲಿಲ್ಲ. ಗಂಡನನ್ನು ಕೂಗಲಿಲ್ಲ, ಫೋನು ತೆಗೆಯಲಿಲ್ಲ, ಆಸ್ಪತ್ರೆಯ ನೆನಪೇ ಬರಲಿಲ್ಲ. ವಿಜ್ಞಾನದ ಟೀಚರು ನಾನು, ಹಿತ್ತಲಿಂದ ಸುತ್ತಿಕೊಂಡು ಬಂದು, ಗೂಟದಲ್ಲಿದ್ದ ಚಾಪೆ ತೆಗೆದುಕೊಂಡು, ಸೀದಾ ಹೋಗಿ ಜಗಲಿಯ ಕಲ್ಲಿನ ಮೇಲೆ ಕೂತೆ. ರಕ್ತ ಕಂಡರೆ ಅಲ್ಲಿಗೆ ಹೋಗಬೇಕು ಎಂದು ಕಾಲಿಗೆ ಅಭ್ಯಾಸವಾಗಿತ್ತು. ಕಾಲು ಹೋಯಿತು, ನಾನು ಹಿಂದೆಯೇ ಹೋದೆ.

ಎದುರು ಮನೆಯ ದೊಡ್ಡಮ್ಮ ಅಂಗಳ ಗುಡಿಸುತ್ತಿದ್ದರು. ನನ್ನನ್ನು ಕಲ್ಲಿನ ಮೇಲೆ ನೋಡಿ ಪೊರಕೆ ನಿಂತಿತು. "ಅಯ್ಯೋ ಕೂಸೇ" ಎಂದು ತಮ್ಮಷ್ಟಕ್ಕೆ ಅಂದುಕೊಂಡು, ತಲೆಯಾಡಿಸಿ, ಪಕ್ಕದ ಮನೆಯ ಕಡೆಗೆ ನಡೆದರು. ಆಗಲೇ ನನಗೆ ಹೊಳೆದದ್ದು, ಬೀದಿಯ ಲೆಕ್ಕದಲ್ಲಿ ನನ್ನ ಬಸುರು ಮುಗಿಯಿತು ಎಂದು. ನಾನೇ ಬಂದು ಕೂತು ಮುಗಿಸಿದ್ದೆ. ಕಣ್ಣಲ್ಲಿ ನೀರು ದಳದಳ ಸುರಿಯಿತು.

ಅಷ್ಟರಲ್ಲಿ ಅತ್ತೆ ಹೊಗೆನಕಲ್ಲಿಗೆ ಹೊರಡಲು ಖಾರದ ಡಬ್ಬಿಯ ಚೀಲ ಹಿಡಿದು ಬಾಗಿಲಿಗೆ ಬಂದರು. ಭಾನುವಾರವೆಂದರೆ ಅವರಿಗೆ ವ್ಯಾಪಾರದ ದಿನ. ನನ್ನನ್ನು ನೋಡಿ ಹೊಸಿಲಿನ ಮೇಲೆಯೇ ನಿಂತರು.

"ಯಾಕೆ ಅಲ್ಲಿ ಕುಂತೆ?"

"ರಕ್ತ ಕಾಣಿಸ್ತು, ಅತ್ತೆ."

ಅವರು ಚೀಲ ಕೆಳಗಿಟ್ಟರು. ಮೊದಲು ದುಃಖ ಬರುತ್ತದೆ ಎಂದುಕೊಂಡೆ, ಬಂದದ್ದು ಕೋಪ.

"ಎದ್ದೇಳು. ಒಳಿಕ್ಕೆ ಬಾ."

"ರಕ್ತ ಐತೆ ಅತ್ತೆ, ನಾನೆಂಗೆ ಒಳಿಕ್ಕೆ..."

"ಬುದ್ಧಿ ಐತಾ ನಿಂಗೆ? ಆ ಕಲ್ಲು ಮುಟ್ಟಾದೋರ್ದು. ನೀನು ಬಸುರಿ. ಎದ್ದು ಬಾ ಅಂದ್ರೆ!"

"ಇನ್ನೂ ಬಸುರೀನಾ ಅಲ್ವಾ, ಯಾರ್ಗೆ ಗೊತ್ತು?"

"ಗೊತ್ತಾಗೋಗಂಟ ಒಳಗೇ ಇರು."

ಬಂದು ನನ್ನ ರಟ್ಟೆ ಹಿಡಿದರು. ಮುಟ್ಟಿನ ದಿನಗಳಲ್ಲಿ ನನ್ನ ನೆರಳು ತಗಲಿದರೂ ಸೀರೆ ಬದಲಿಸುತ್ತಿದ್ದ ಹೆಂಗಸು, ನನ್ನನ್ನು ತಬ್ಬಿಕೊಂಡು, ಹೊಸಿಲು ದಾಟಿಸಿ, ನಡುಮನೆ ದಾಟಿಸಿ, ಅಡುಗೆಮನೆಯಲ್ಲಿ ಒಲೆಯ ಪಕ್ಕದ ಮಣೆಯ ಮೇಲೆ ಕೂರಿಸಿದರು. ಎದುರಿಗೆ ದೇವರ ಗೂಡು. ಕೈಗೆಟುಕುವಷ್ಟು ಹತ್ತಿರ ಉಪ್ಪಿನಕಾಯಿ ಜಾಡಿ. ಅಳುತ್ತ ಅಳುತ್ತಲೇ ನಾನು ಜಾಡಿಯಿಂದ ಸ್ವಲ್ಪ ಆಚೆಗೆ ಸರಿದು ಕೂತೆ.

ಅತ್ತೆಯ ಕೂಗಿಗೆ ಗಂಡ ಎದ್ದು ಬಂದು, ಧರ್ಮಪುರಿಯ ಆಸ್ಪತ್ರೆಗೆಂದು ವ್ಯಾನನ್ನು ಬಾಗಿಲಿಗೆ ತಂದ. ಹಿಂದಿನ ಸೀಟಿನಲ್ಲಿ ನಾನು, ನನ್ನ ಪಕ್ಕ ಅತ್ತೆ. ಆವತ್ತು ನನ್ನ ಗಂಡ ವ್ಯಾನು ಓಡಿಸಿದ ರೀತಿಗೆ ಅವನಿಗೆ ಒಂದು ಮೆಡಲು ಕೊಡಬೇಕು. ರಸ್ತೆಯ ಪ್ರತಿ ಹಂಪಿನ ಹತ್ತಿರ ನಿಲ್ಲಿಸಿ, ಇಳಿದು ಹೋಗಿ ಹಂಪು ಎಷ್ಟು ಎತ್ತರವಿದೆ ಎಂದು ನೋಡಿ ಬಂದು, ಆಮೇಲೆ ಇಂಚಿಂಚಾಗಿ ದಾಟಿಸಿದ. ಹಿಂದೆ ಟೌನ್ ಬಸ್ಸು ಹಾರನ್ ಹೊಡೆದು ಹೊಡೆದು ಸುಸ್ತಾಯಿತು. ಕೊನೆಗೆ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಆ ಡ್ರೈವರನಿಗೆ ತಮಿಳಿನಲ್ಲಿ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಗಂಡ ಪೆನ್ನಾಗರಂನಲ್ಲಿ ಬೋಂಡ ಕೊಂಡ. ಧರ್ಮಪುರಿ ತಲುಪುವಷ್ಟರಲ್ಲಿ ಪೊಟ್ಟಣ ಖಾಲಿ. ಅವನಿಗೆ ಎಷ್ಟು ಹೆದರಿಕೆಯಾಗಿದೆ ಎಂದು ನನಗೆ ಅದರಿಂದಲೇ ತಿಳಿಯಿತು.

ಡಾಕ್ಟರಮ್ಮ ನಡುವಯಸ್ಸಿನವರು, ಗಡಿಬಿಡಿಯಿಲ್ಲದವರು. ಕೊನೆಯ ಮುಟ್ಟು ಯಾವಾಗ ಎಂದು ತಮಿಳಿನಲ್ಲಿ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಹುಣ್ಣಿಮೆ ಕಳೆದ ಮಂಗಳವಾರ, ಮಧ್ಯಾಹ್ನ ಊಟಕ್ಕೆ ಮುಂಚೆ ಎಂದು ತಿಂಗಳ ಸಮೇತ ಹೇಳಿಬಿಟ್ಟರು. ಡಾಕ್ಟರಮ್ಮ ಪೆನ್ನು ಹಿಡಿದವರು ಹಾಗೇ ಅತ್ತೆಯನ್ನು ನೋಡಿದರು. ಎಲ್ಲ ಕಲ್ಲಿನ ಮಹಿಮೆ.

ಆಮೇಲೆ ಪ್ರಶ್ನೆಗಳು. ರಕ್ತ ಎಷ್ಟು, ಪ್ಯಾಡು ತೊಯ್ಯುವಷ್ಟಾ, ಬರೀ ಕಲೆಯಾ? ಕೆಂಪಾ, ಕಂದಾ? ಗೆಡ್ಡೆ ಗೆಡ್ಡೆಯಾಗಿ ಬಿತ್ತಾ? ಹೊಟ್ಟೆ ಕಿವುಚುತ್ತದಾ? ಒಂದೇ ಪಕ್ಕ ನೋವಿದೆಯಾ? ತಲೆ ಸುತ್ತುತ್ತದಾ, ಭುಜದ ತುದಿ ನೋಯುತ್ತದಾ? ಭುಜಕ್ಕೂ ಇದಕ್ಕೂ ಏನು ಸಂಬಂಧ ಎಂದು ನನಗೆ ಅರ್ಥವಾಗಲಿಲ್ಲ. ಹತ್ತನೇ ತರಗತಿಯ ಪುಸ್ತಕದಲ್ಲಿ ಗರ್ಭ ಕಟ್ಟುವುದಕ್ಕೂ ಹೆರಿಗೆಗೂ ನಡುವೆ ಇರುವುದು ಒಂದೇ ಪ್ಯಾರಾ. ನಾನು ಅದನ್ನು ಗಂಡು ಮಕ್ಕಳ ಕಿಸಕಿಸ ಶುರುವಾಗುವ ಮೊದಲು ಓದಿ ಮುಗಿಸುತ್ತಿದ್ದೆ. ಮಗು ಕೆಲವೊಮ್ಮೆ ಗರ್ಭಕೋಶಕ್ಕೆ ಬರದೆ ನಳಿಕೆಯಲ್ಲೇ ಬೆಳೆದುಬಿಡುತ್ತದೆ, ಅದು ಒಡೆದರೆ ತಾಯಿಯ ಜೀವಕ್ಕೇ ಅಪಾಯ, ಆಗ ಒಳಗೆ ಸೋರಿದ ರಕ್ತದಿಂದ ಭುಜ ನೋಯುವುದುಂಟು, ಅದಕ್ಕೇ ಕೇಳಿದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ರಕ್ತದ ಗುಂಪನ್ನೂ ನೋಡಿದರು. ನೆಗೆಟಿವ್ ಆಗಿದ್ದರೆ ಒಂದು ಇಂಜೆಕ್ಷನ್ ಬೇಕಾಗಬಹುದಿತ್ತಂತೆ. ನನ್ನದು ಪಾಸಿಟಿವ್.

ಸ್ಕ್ಯಾನಿನಲ್ಲಿ ಒಂದು ಕಪ್ಪು ಚೀಲ ಕಾಣಿಸಿತು. ಇರಬೇಕಾದ ಜಾಗದಲ್ಲೇ, ಗರ್ಭಕೋಶದ ಒಳಗೇ ಇತ್ತು. ನಳಿಕೆಯ ಭಯ ಹೋಯಿತು. ಚೀಲದ ಒಳಗೆ ಅಕ್ಕಿ ಕಾಳಿಗಿಂತ ಸಣ್ಣದೊಂದು ಬಿಳಿ. ಆದರೆ ಹೃದಯದ ಮಿಡಿತ ಕಾಣಲಿಲ್ಲ.

"ದಿನದ ಲೆಕ್ಕಕ್ಕೆ ಚಿಕ್ಕದು, ತಡವಾಗಿ ಕಟ್ಟಿರಬಹುದು," ಎಂದರು ಡಾಕ್ಟರಮ್ಮ. "ಮಿಡಿತ ಬಾರದೆಯೇ ಹೋಗಬಹುದು, ಬರುವ ಹೊತ್ತು ಇನ್ನೂ ಆಗಿಲ್ಲದೆಯೂ ಇರಬಹುದು. ಎರಡು ವಾರ ಬಿಟ್ಟು ಬನ್ನಿ."

ಮೊದಲ ಮೂರು ತಿಂಗಳಲ್ಲಿ ಹೀಗೆ ರಕ್ತ ಕಾಣುವುದು ಅಪರೂಪವಲ್ಲ ಎಂದು ಹೇಳಿದರು. ಮಗು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವಾಗ ಬರಬಹುದು, ಚೀಲದ ಪಕ್ಕ ಸ್ವಲ್ಪ ರಕ್ತ ನಿಂತು ಸೋರಬಹುದು, ಗರ್ಭದ ಬಾಯಿ ಮೆತ್ತಗಾಗಿ ಬರಬಹುದು, ಸೋಂಕಿನಿಂದ ಬರಬಹುದು. ಹೀಗೆ ಕಂಡವರಲ್ಲಿ ಬಹಳ ಮಂದಿ ಚೆನ್ನಾಗಿಯೇ ಹೆರುತ್ತಾರೆ. ಕೆಲವರಿಗೆ ಮಾತ್ರ ಅದು ಗರ್ಭ ಹೋಗುವುದರ ಶುರು. ನಿನಗೆ ಯಾವುದು ಎಂದು ಈಗಲೇ ಹೇಳಿದರೆ ಅದು ಸುಳ್ಳಾಗುತ್ತದೆ ಎಂದರು. ಆ ಮಾತು ನನಗೆ ಹಿಡಿಸಿತು. ಸುಮ್ಮನೆ ಬೆನ್ನು ತಟ್ಟಿ ಕಳಿಸಿದ್ದರೆ ನಾನು ನಂಬುತ್ತಿರಲಿಲ್ಲ. ಭಾರ ಎತ್ತುವುದು ಬೇಡ, ಗಂಡನ ಪಕ್ಕ ಮಲಗುವುದು ಸದ್ಯಕ್ಕೆ ಬೇಡ, ಹಾಗಂತ ಕಾಲು ಮೇಲೆ ಮಾಡಿಕೊಂಡು ಹಾಸಿಗೆ ಹಿಡಿಯುವುದೂ ಬೇಡ, ಅದರಿಂದ ಏನೂ ನಿಲ್ಲುವುದಿಲ್ಲ. ರಕ್ತ ಜಾಸ್ತಿಯಾದರೆ, ನೋವು ತಡೆಯಲಾಗದೆ ಹೋದರೆ, ಜ್ವರ ಬಂದರೆ, ತಲೆ ಸುತ್ತಿ ಬಿದ್ದರೆ ಯಾವ ಹೊತ್ತಾದರೂ ಸರಿ ಓಡಿ ಬರಬೇಕು.

ಅತ್ತೆ ಅಷ್ಟು ಹೊತ್ತು ಸೆರಗಿನ ತುದಿ ಹಿಂಡುತ್ತ ಕೂತಿದ್ದವರು, "ಡಾಕ್ಟರಮ್ಮಾ, ಇದು ತೀಟ್ಟಾ, ಇಲ್ಲೆಯಾ?" ಎಂದು ಕೇಳಿದರು. ಮುಟ್ಟೋ ಅಲ್ಲವೋ ಎಂದು.

"ಇಲ್ಲೆಮ್ಮಾ. ಬಸುರಿಯಾಗಿರುವಾಗ ಮುಟ್ಟು ಆಗೋದೇ ಇಲ್ಲ. ಇದು ಬೇರೆ ರಕ್ತ."

ಅತ್ತೆ ನನ್ನ ಕಡೆ ತಿರುಗಿ, ಕೇಳಿದೆಯಾ ಎಂಬಂತೆ ಹುಬ್ಬು ಹಾರಿಸಿದರು. ನಾವು ಏಳುವಾಗ ಮತ್ತೆ ನಿಂತು ಇನ್ನೊಂದು ಪ್ರಶ್ನೆ ಕೇಳಿದರು. ಹಾಗೊಂದು ವೇಳೆ ಹೋದರೆ, ಅದು ತಾಯಿ ಏನಾದರೂ ಮಾಡಿದ್ದರಿಂದಲಾ? ನೀರು ಹೊತ್ತದ್ದರಿಂದ, ಹುಣಸೆಕಾಯಿ ತಿಂದದ್ದರಿಂದ?

"ಇಲ್ಲಮ್ಮಾ. ಸಾಮಾನ್ಯವಾಗಿ ಮಗುವೇ ಸರಿಯಾಗಿ ಕೂಡಿಕೊಂಡಿರೋದಿಲ್ಲ, ಅದಕ್ಕೆ ನಿಲ್ಲೋದಿಲ್ಲ. ತಾಯಿ ತಪ್ಪು ಏನೂ ಇಲ್ಲ."

"ಏನೂ ಇಲ್ವಾ?"

"ಏನೂ ಇಲ್ಲ."

ಬಾಗಿಲ ತನಕ ಹೋಗಿ ತಿರುಗಿ ಬಂದು ಮೂರನೇ ಸಲವೂ ಅದನ್ನೇ ಕೇಳಿದರು. ಹುಣಸೆಕಾಯಿ ಕೊಟ್ಟ ದೊಡ್ಡಮ್ಮನ ಮೇಲೆ ಜಗಳ ತೆಗೆಯಲು ಸಾಕ್ಷಿ ಹುಡುಕುತ್ತಿದ್ದಾರೆ ಎಂದೇ ನಾನು ಅಂದುಕೊಂಡೆ.

ಆ ಎರಡು ವಾರ ಹೇಗೆ ಕಳೆದೆ ಎಂದರೆ, ಹೆದರುತ್ತ ಮತ್ತು ನಗುತ್ತ. ಹಿತ್ತಲಿಗೆ ಹೋದಾಗಲೆಲ್ಲ ಮೊದಲು ಬಟ್ಟೆ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಏನೂ ಇರುತ್ತಿರಲಿಲ್ಲ, ಮಾರನೆಯ ದಿನ ಕಂದು ಕಲೆ, ಮತ್ತೆ ಏನೂ ಇಲ್ಲ. ಆ ಅಕ್ಕಿ ಕಾಳಿಗಿಂತ ಸಣ್ಣದರ ಮೇಲೆ ನನಗೆ ಅಷ್ಟೊಂದು ಆಸೆ ಹುಟ್ಟಿತ್ತು. ಪಾಠ ಮಾಡುವಾಗ ಅದಕ್ಕೂ ಕೇಳಿಸಲಿ ಎಂದು ಸ್ವಲ್ಪ ನಿಧಾನವಾಗಿ, ಬಿಡಿಸಿ ಮಾತಾಡುತ್ತಿದ್ದೆ.

ನಗು ಬರುತ್ತಿದ್ದದ್ದು ಜಗಲಿಯಿಂದ. ಬೀದಿಗೆ ದೊಡ್ಡ ಗೊಂದಲವಾಗಿತ್ತು. ನನ್ನನ್ನು ಕಲ್ಲಿನ ಮೇಲೆ ಕಂಡವರು ಇದ್ದರು, ಅದೇ ದಿನ ಅತ್ತೆಯೇ ಒಳಗೆ ಎಳೆದುಕೊಂಡು ಹೋದದ್ದನ್ನು ಕಂಡವರೂ ಇದ್ದರು. ಹಾಗಾದರೆ ಇವಳು ಹೊರಗೋ ಒಳಗೋ? ಎದುರು ಮನೆಯ ದೊಡ್ಡಮ್ಮ ಸಕ್ಕರೆ ಸಾಲ ಕೇಳುವ ನೆಪದಲ್ಲಿ ಬಂದು ಅಡುಗೆಮನೆಯೊಳಗೆ ಕತ್ತು ಹಾಕಿದರು. ನಾನು ಒಲೆಯ ಮುಂದೆ ಸಾರು ಕುದಿಸುತ್ತಿದ್ದೆ.

"ಏನಮ್ಮಾ, ಅವತ್ತು ಅವ್ಳು ಕಲ್ ಮ್ಯಾಲೆ ಕುಂತಿದ್ಲಲ್ಲ?" ಎಂದು ಅತ್ತೆಯನ್ನು ಕೇಳಿದರು.

"ಬಿಸ್ಲು ಕಾಯ್ಸ್ಕೊಳ್ತಿದ್ಲು."

"ಚಿತ್ತಿರೈ ತಿಂಗ್ಳ ಸುಡೋ ಬ್ಯಾಸ್ಗೇಲಾ?"

"ಅವ್ಳು ಮೆಟ್ಟೂರೋಳು. ಅವ್ರು ಅಂಗೇ."

ದೊಡ್ಡಮ್ಮನಿಗೆ ಸಮಾಧಾನವಾಗಲಿಲ್ಲ. ಮನೆದೇವರು ಸಿಟ್ಟಾಗುತ್ತದೆ, ಅನುಮಾನ ಇದ್ದರೆ ಹೊರಗೇ ಕೂರಿಸುವುದು ವಾಸಿ ಎಂದು ಬುದ್ಧಿ ಹೇಳಿದರು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಡಾಕ್ಟರಮ್ಮನೇ ತೀಟ್ಟು ಇಲ್ಲ ಅಂದವ್ರೆ. ದೇವ್ರಿಗೆ ಬೇಕಾದ್ರೆ ಧರ್ಮಪುರಿಗೋಗಿ ಅವ್ರನ್ನೇ ಕೇಳ್ಲಿ!" ಎಂದರು. ನಾನು ಸಾರಿನ ಪಾತ್ರೆಯ ಮೇಲೆ ಬಗ್ಗಿ ನಗು ನುಂಗಿದೆ.

ಎರಡನೇ ಸ್ಕ್ಯಾನಿನ ದಿನ ಬೆಳಗ್ಗೆ ನಾನು ತಲೆ ಬಾಚಿಕೊಂಡು ಹೊರಗೆ ಬಂದರೆ, ಅತ್ತೆ ಹಸಿರು ರೇಷ್ಮೆ ಸೀರೆ ಉಟ್ಟು, ಕೈಚೀಲ ಹಿಡಿದು, ಆ ಕಲ್ಲಿನ ಮೇಲೆ ಕೂತಿದ್ದಾರೆ! ಅವರಿಗೆ ಮುಟ್ಟು ನಿಂತ ಮೇಲೆ ಅದರ ಮೇಲೆ ಕೂತದ್ದನ್ನು ಯಾರೂ ನೋಡಿರಲಿಲ್ಲ. ಎದುರು ಮನೆಯ ದೊಡ್ಡಮ್ಮ ಪೊರಕೆ ಹಿಡಿದುಕೊಂಡೇ ಓಡಿ ಬಂದರು.

"ಎಲ್ಲಿಗಮ್ಮಾ ಸಿಂಗಾರ?"

"ಧರ್ಮಪುರಿಗೆ. ನನ್ ಸೊಸೆ ಬಸುರಿ. ಮಗೂನ ನೋಡ್ಕೊಂಡ್ ಬರಾಕ್ ಓಗ್ತಾ ಇದೀವಿ."

ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂರು ತಿಂಗಳು ಬಾಯಿ ಬಿಡಬೇಡಿ ಎಂದವರೇ ಇವರು. ಹೋಗಿ ನೋಡಿದಾಗ ಏನೂ ಇಲ್ಲದೆ ಹೋದರೆ ಇಡೀ ಬೀದಿಗೆ ನಾನು ಹೇಗೆ ಮುಖ ತೋರಿಸಲಿ? ವ್ಯಾನಿನಲ್ಲಿ ಕೂತ ತಕ್ಷಣ ಅದನ್ನೇ ಕೇಳಿದೆ. ನನ್ನ ಗಂಡ ಡೀಸೆಲ್ ಬಂಕಿನ ಹತ್ತಿರ ಬಿಸ್ಕೆಟ್ ಕೊಳ್ಳಲು ಇಳಿದಿದ್ದ. ಅತ್ತೆ ಕಿಟಕಿಯ ಹೊರಗೆ ನೋಡುತ್ತ ಹೇಳಿದರು.

"ನಿನ್ ಗಂಡ ಉಟ್ಟೋದಕ್ಕೆ ಮುಂಚೆ ನಂಗೂ ಇಂಗೇ ಆಗಿತ್ತು. ಮೂರ್ನೇ ತಿಂಗ್ಳು. ಯಾರ್ಗೂ ಏಳಿರ್ಲಿಲ್ಲ. ರಕ್ತ ಬಂತು. ನಮ್ಮತ್ತೆ, ಓಗಿ ಕಲ್ ಮ್ಯಾಲೆ ಕೂತ್ಕೋ ಅಂದ್ರು. ಕುಂತೆ. ಕುಂತಲ್ಲೇ ಎಲ್ಲಾ ಓಯ್ತು."

ನಾನು ಅವರ ಕೈ ಹಿಡಿದುಕೊಂಡೆ.

"ಕಲ್ಲಿಂದ ಓಯ್ತು ಅಂತಲ್ಲ. ಡಾಕ್ಟರಮ್ಮ ಏಳಿದ್ರಲ್ಲ, ಯಾರಿಂದ್ಲೂ ಅಲ್ಲ ಅಂತ. ಇಷ್ಟ್ ವರ್ಸಾನೂ ನಾನು, ನೀರ್ ಒತ್ತಿದ್ಕೆ ಓಯ್ತು ಅನ್ಕೊಂಡಿದ್ದೆ. ಅದು ಬುಡು. ನಾಕ್ನೇ ದಿನ ತಲೆಗ್ ನೀರಾಕ್ಕೊಂಡು ಒಳಿಕ್ಕೆ ಬಂದೆ. ಬೀದಿನಾಗೆಲ್ಲ ತಡ ಆದ ಮುಟ್ಟು ಅಂದ್ರು. ಮನ್ಯಾಗೂ ಮುಟ್ಟು ಅಂದ್ರು. ನಿಮ್ಮಾವಾನೂ ಅಂಗೇ ಅನ್ಕೊಂಡ. ಒಬ್ರೂ ಅದ್ನ ಮಗು ಅನ್ಲಿಲ್ಲ. ನಾನೂ ಅಳ್ಲಿಲ್ಲ. ಮುಟ್ಟಾದ್ರೆ ಯಾರಾನಾ ಅಳ್ತಾರಾ?" ನನ್ನ ಕಡೆ ತಿರುಗಿ, "ಇವತ್ತು ಇದ್ರೆ ಸಂತೋಸ. ಇಲ್ದಿದ್ರೆ ಬೀದಿಯೋರೆಲ್ಲ ಬಂದು ನಿನ್ ಜೊತೆ ಅಳ್ಲಿ. ಅದ್ಕೇ ಏಳ್ದೆ" ಎಂದರು.

ಗಂಡ ಬಿಸ್ಕೆಟ್ ಪೊಟ್ಟಣ ಬಾಯಿಂದ ಹರಿಯುತ್ತ ಬಂದು ಕೂತ. ನಾವಿಬ್ಬರೂ ಕೈ ಕೈ ಹಿಡಿದುಕೊಂಡು ಕೂತದ್ದನ್ನು ಕನ್ನಡಿಯಲ್ಲಿ ನೋಡಿ ಹೆದರಿ, ಇಡೀ ಪೊಟ್ಟಣ ಮುಗಿಸಿದ.

ಡಾಕ್ಟರಮ್ಮ ಸ್ಕ್ಯಾನಿನ ಪರದೆಯ ಕಡೆಗೆ ಬಗ್ಗಿ ಏನನ್ನೋ ಅಳೆದರು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಪ್ಪು ಚೀಲದ ನಡುವೆ ಕಡಲೆಬೀಜದಷ್ಟು ದೊಡ್ಡದೊಂದು ಬಿಳಿ, ಅದರ ಮಧ್ಯೆ ಏನೋ ಪಟಪಟ ಮಿನುಗುತ್ತಿತ್ತು. ನಿಲ್ಲದೆ ಮಿನುಗುತ್ತಿತ್ತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಅತ್ತೆ ಪರದೆಯ ಹತ್ತಿರ ಮೂಗು ತಂದು, "ಏನಿಷ್ಟು ಅವಸ್ರ ಇದ್ಕೆ? ಅಪ್ಪನ್ ಅಂಗೆ ಅಲ್ಲ ಬುಡು" ಎಂದರು. ಡಾಕ್ಟರಮ್ಮನೂ ನಕ್ಕರು. ಚೀಲದ ಪಕ್ಕ ಸ್ವಲ್ಪ ರಕ್ತ ನಿಂತಿತ್ತು, ಅದೇ ಸೋರಿದ್ದು, ಕರಗುತ್ತಿದೆ ಎಂದರು. ಇನ್ನೂ ಜೋಪಾನವಾಗಿ ಇರಬೇಕು, ಆದರೆ ಮಿಡಿತ ಚೆನ್ನಾಗಿದೆ. ಹೊರಗೆ ಬೆಂಚಿನ ಮೇಲಿದ್ದ ಗಂಡನಿಗೆ ಹೇಳಿದಾಗ ಅವನ ಕೈಯಲ್ಲಿದ್ದ ಬಾಳೆಹಣ್ಣು ಹಾಗೇ ಉಳಿಯಿತು. ಆವತ್ತು ಸಂಜೆಯ ತನಕ ಅವನು ಏನೂ ತಿನ್ನಲಿಲ್ಲ.

ಡಾಕ್ಟರಮ್ಮ ಕೈ ತೊಳೆಯುವಾಗ ಅತ್ತೆ ಮೆಲ್ಲಗೆ ಅವರ ಪಕ್ಕಕ್ಕೆ ಹೋಗಿ ತಮಿಳಿನಲ್ಲಿ ಏನೋ ಕೇಳಿದರು. ನೀರಿನ ಸದ್ದಿನಲ್ಲಿ ಪ್ರಶ್ನೆ ನನಗೆ ಕೇಳಿಸಲಿಲ್ಲ. ಡಾಕ್ಟರಮ್ಮ ನಲ್ಲಿ ನಿಲ್ಲಿಸಿ, ಅತ್ತೆಯ ಮುಖ ನೋಡಿ ಹೇಳಿದ್ದು ಕೇಳಿಸಿತು. "ಮೂರನೇ ತಿಂಗಳಾ? ಅದೂ ಮಗುವೇ, ಅಮ್ಮಾ."

ಮಗಳು ಮಾರ್ಗಳಿ ತಿಂಗಳ ಚಳಿಯಲ್ಲಿ ಹುಟ್ಟಿದಳು. ಬೀದಿಯವರೆಲ್ಲ ಬಂದು ನೋಡಿದರು. ಎದುರು ಮನೆಯ ದೊಡ್ಡಮ್ಮ ಎಲ್ಲರಿಗೂ ಮೊದಲು ತನಗೇ ಗೊತ್ತಿತ್ತು ಎಂದು ಹೇಳಿಕೊಂಡು ತಿರುಗಿದರು. ನನಗೆ ಮತ್ತೆ ಮುಟ್ಟು ಶುರುವಾದಾಗ ನಾನು ಅಭ್ಯಾಸದಂತೆ ಚಾಪೆ ತೆಗೆದುಕೊಂಡು ಹೊರಟರೆ, ಕಲ್ಲಿನ ಮೇಲೆ ಅತ್ತೆ ಹುಣಸೆಹಣ್ಣು ಒಣಹಾಕಿದ್ದರು. "ಜಾಗ ಇಲ್ಲ, ಒಳಗೇ ಕೂತ್ಕೋ" ಎಂದರು. ಹುಣಸೆಯ ಕಾಲ ಮುಗಿದ ಮೇಲೆ ಅವರೆಕಾಳು ಬಂತು, ಆಮೇಲೆ ಮೆಣಸಿನಕಾಯಿ. ಆ ಕಲ್ಲಿಗೆ ಈಗ ಬಿಡುವೇ ಇಲ್ಲ. ಉಪ್ಪಿನಕಾಯಿ ಜಾಡಿಯ ವಿಷಯದಲ್ಲಿ ಮಾತ್ರ ಅವರು ಒಂದಿಂಚೂ ಬಿಟ್ಟುಕೊಟ್ಟಿಲ್ಲ.

ಮಗಳು ನಡೆಯಲು ಕಲಿತ ಮೇಲೆ ಒಂದು ಭಾನುವಾರ ಅವಳನ್ನು ಹೊಗೆನಕಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅತ್ತೆ ಕಾವಲಿಯ ಮುಂದೆ. ಪಕ್ಕದಲ್ಲಿ ನನ್ನ ಗಂಡ ಯಥಾಪ್ರಕಾರ ಎಲೆಯ ಮೇಲೆ ಮೀನು ಇಟ್ಟುಕೊಂಡು ನಿಂತಿದ್ದ. ಸೇಲಂ ಕಡೆಯ ಹೆಂಗಸೊಬ್ಬಳು ಮೀನು ಬೇಯಲಿ ಎಂದು ಕಾಯುತ್ತ, ನನ್ನ ಮಗಳ ಗಲ್ಲ ಚಿವುಟಿ, "ಪೇತ್ತಿಯಾ?" ಎಂದು ಕೇಳಿದಳು. ಮೊಮ್ಮಗಳು ಹೌದು ಎಂದು ಅತ್ತೆ ತಲೆಯಾಡಿಸಿದರು.

"ಉಂಗಳುಕ್ಕು ಎತ್ತನೆ ಪುಳ್ಳೈಂಗ, ಅಕ್ಕಾ?"

ಅತ್ತೆ ಮೀನು ಮಗುಚಿ ಹಾಕಿ, ಕಣ್ಣೆತ್ತಿ ಅವಳನ್ನು ನೋಡಿ, "ರೆಂಡು" ಎಂದರು.

ನನ್ನ ಗಂಡ ಮೀನು ಬಾಯಲ್ಲಿಟ್ಟುಕೊಂಡೇ ಹಿಂದೆ ಮುಂದೆ ತಿರುಗಿ ನೋಡಿದ.

"ಅಮ್ಮಾ, ಇನ್ನೊಂದು ಯಾರು?"

"ನಿಂಗಿಂತ ದೊಡ್ಡದು," ಎಂದರು ಅತ್ತೆ. "ಮುಳ್ಳು ನೋಡ್ಕೊಂಡು ತಿನ್ನು."